ಮೂರು ಹೂಜಿ, ಒಬ್ಬನೇ ಅತಿಥಿ

ಎದ್ವೀಜ್ ಪಿನೊ ನನ್ನನ್ನು ಕರೆಸಿದ್ದು ಬೇರೆ ದಾರಿಯಿಲ್ಲದೆ. ಫ್ರಾನ್ಸಿನ ಶಿನೋಂ ಊರಾಚೆ, ವಿಯೆನ್ ನದಿಯ ದಡದಿಂದ ಗುಡ್ಡದ ನೆತ್ತಿಯವರೆಗೆ ಅವರ ದ್ರಾಕ್ಷಿತೋಟ. ಅವರ ತಂದೆ ಇದ್ದಷ್ಟು ದಿನ ದ್ರಾಕ್ಷಿ ಕೊಯ್ಯುವ ನನ್ನ ಯಂತ್ರಕ್ಕೆ ಆ ಗೇಟು ತೆರೆದಿರಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಬ್ರೆತಾನ್ ಸೀಮೆಯಿಂದ ಮೂವತ್ತು ಜನ ಕೊಯ್ಲಿಗೆ ಬರುತ್ತಿದ್ದರು, ವರ್ಷವರ್ಷವೂ ಅದೇ ಕುಟುಂಬಗಳು. ಅವರಿಗೆ ವಯಸ್ಸಾಯಿತು, ಬೆನ್ನು ಸೋತಿತು. ಕೊನೆಯ ವರ್ಷ ಬಂದವರು ನಾಲ್ಕೇ ಜನ. ಅರ್ಧ ಹಣ್ಣು ಬಳ್ಳಿಯಲ್ಲೇ ಕೊಳೆಯಿತು. ಮುಂದಿನ ಕೊಯ್ಲಿಗೆ ಎದ್ವೀಜ್ ನನಗೆ ಫೋನ್ ಮಾಡಿದರು.

ಮೂರು ದಿನದ ಕೆಲಸ. ಯಂತ್ರ ಬಳ್ಳಿಯನ್ನು ಅಲುಗಿಸಿ ಹಣ್ಣು ಉದುರಿಸಿಕೊಳ್ಳುತ್ತದೆ, ಬರಿಯ ತೊಟ್ಟು ಬಳ್ಳಿಯಲ್ಲಿ ನೇತಾಡುತ್ತಿರುತ್ತದೆ. ಎದ್ವೀಜ್ ಬುಟ್ಟಿ ಹಿಡಿದು ಮೂರು ದಿನವೂ ನನ್ನ ಹಿಂದೆ ನಡೆದರು. ಯಂತ್ರ ಬಿಟ್ಟ ಒಂದೊಂದು ಗೊಂಚಲನ್ನೂ ಕತ್ತರಿಸಿಕೊಂಡರು. ಅರವತ್ತೊಂದು ವರ್ಷದ ಹೆಂಗಸು, ಮದುವೆಯಾದವರಲ್ಲ. ನಾನು ಸಾಲಿನ ಕೊನೆಯಲ್ಲಿ ಯಂತ್ರ ತಿರುಗಿಸುವಾಗಲೆಲ್ಲ ಅವರ ಮುಖ ಕಾಣುತ್ತಿತ್ತು. ಯಂತ್ರದ ಮೇಲೆ ಅವರಿಗೆ ಸಿಟ್ಟಿತ್ತೆಂದು ನನಗನ್ನಿಸಲಿಲ್ಲ. ಸದ್ದು ಅಭ್ಯಾಸವಾಗಿರಲಿಲ್ಲ, ಅಷ್ಟೆ.

ಮೂರನೆಯ ದಿನ ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಎದ್ವೀಜ್ ಊಟ ಮಾಡಿಕೊಂಡೇ ಹೋಗಬೇಕೆಂದರು. ಒಳಗೆ ಹೋದರೆ ಉದ್ದನೆಯ ಮೇಜು, ಎರಡೂ ಕಡೆ ಬೆಂಚು. ಅದರ ಒಂದು ತುದಿಯಲ್ಲಿ ಮಾತ್ರ ಬಟ್ಟೆ ಹಾಸಿ ಎರಡು ತಟ್ಟೆ ಇಟ್ಟಿದ್ದರು. ನಡುವೆ ಮೂರು ಮಣ್ಣಿನ ಹೂಜಿ.

"ಕೂತ್ಕೊಳ್ಳಿ ಬೆರ್ತ್ರಾಂ. ಮೂವತ್ತು ಜನರ ಕೆಲಸ ಒಬ್ರೇ ಮಾಡಿದ್ದೀರಿ. ಊಟನೂ ಅಷ್ಟೇ ಮಾಡ್ಬೇಕಾಗುತ್ತೆ."

ಹೂಜಿಗಳ ಕಥೆಯನ್ನು ಕೂತ ಮೇಲೆ ಅವರೇ ಹೇಳಿದರು. ನದಿದಡದ ಜಲ್ಲಿನೆಲ, ನಡುವಿನ ಸುಣ್ಣಕಲ್ಲಿನ ಇಳಿಜಾರು, ನೆತ್ತಿಯ ಜೇಡಿ: ಈ ಮೂರು ನೆಲದ ಹಿಂದಿನ ವರ್ಷದ ವೈನ್ ಬೇರೆಬೇರೆ ಹೂಜಿಯಲ್ಲಿ. ಕೊಯ್ಲಿನ ಕೊನೆಯ ಊಟದಲ್ಲಿ ಅವನ್ನು ಮೇಜಿನ ಮೇಲಿಟ್ಟು ತಂದೆ ಸುಮ್ಮನೆ ನೋಡುತ್ತಿದ್ದರಂತೆ. ಯಾರನ್ನೂ ರುಚಿ ಕೇಳುತ್ತಿರಲಿಲ್ಲ. ಮೀನಿನ ಜೊತೆ ಯಾವುದು ಮೊದಲು ಖಾಲಿಯಾಯಿತು, ಹಂದಿಮಾಂಸಕ್ಕೆ ಯಾವುದು, ಚೀಸಿಗೆ ಯಾವುದು ಎಂದು ನೋಡಿಕೊಂಡು ಅದೇ ಅಳತೆಯಲ್ಲಿ ಮೂರನ್ನೂ ಬೆರೆಸಿ ಬಾಟಲಿಗೆ ತುಂಬಿಸುತ್ತಿದ್ದರು. ಹಸಿದವರ ಕೈ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಮಾತು. ತಂದೆ ಹೋದ ಮೇಲೆ ಮಗಳೂ ಹಾಗೆಯೇ ಮಾಡಿಕೊಂಡು ಬಂದಿದ್ದರು.

ಆ ದಿನ ಇದ್ದದ್ದು ನನ್ನ ಕೈಯೊಂದೇ. ಆಕೆ ಹೂಜಿ ಎತ್ತಿದರು. ನಾನು ಲೋಟದ ಮೇಲೆ ಅಂಗೈ ಮುಚ್ಚಿದೆ.

"ಕುಡಿಯೋದು ಬಿಟ್ಟು ನಾಲ್ಕು ವರ್ಷ ಆಯ್ತು ಮದಾಂ. ಒಂದು ಗುಟುಕು ಒಳಗೋದ್ರೆ ನಿಲ್ಲಿಸೋಕೆ ಬರಲ್ಲ ನನಗೆ. ಹೆಂಡ್ತಿ ಬಿಟ್ಟುಹೋಗಿದ್ದೂ ಅದಕ್ಕೇನೆ."

ಎದ್ವೀಜ್ ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟರು. "ಈ ಕಣಿವೇಲಿ ಕುಡಿಯದ ಗಂಡಸು ಇರೋದೇ ಒಬ್ಬ. ಅವನೇ ನನ್ನ ಪಾಲಿಗೆ ಬಂದ ನೋಡಿ," ಎಂದು ನಕ್ಕರು. ನಗು ಬೇಗ ನಿಂತುಹೋಯಿತು.

ನನಗೆ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. "ನೀವು ಕುಡಿದು ಹೇಳಿ. ನಾನು ಕೇಳ್ತೀನಿ," ಎಂದೆ.

ಹೇಳಿ ಅಭ್ಯಾಸವಿಲ್ಲ ಎಂದರು. ಆದರೂ ನೀರು ತಂದು ನನ್ನ ಲೋಟ ತುಂಬಿಸಿ, ಬೆಣ್ಣೆಯಲ್ಲಿ ಹುರಿದ ಹಾವುಮೀನು ಬಡಿಸಿ, ತಮಗೆ ಜಲ್ಲಿನೆಲದ್ದನ್ನು ಹಾಕಿಕೊಂಡರು. ಹಗುರ, ಈಗಷ್ಟೇ ಕಿತ್ತ ರಾಸ್ಪ್‌ಬೆರಿಯ ಹಾಗೆ, ಮೀನಿನ ಜಿಡ್ಡನ್ನು ತೊಳೆದುಬಿಡುತ್ತದೆ ಎಂದರು. ಇಳಿಜಾರಿನದು ಮೊದಲು ಬಾಯಿ ಬಿಡುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟರೆ ಕಾಳುಮೆಣಸಿನ ಘಾಟು. ಹುರಿದ ಹಂದಿಮಾಂಸದ ಜೊತೆ ನಾಲಿಗೆಯ ಮೇಲೆ ಸೀಮೆಸುಣ್ಣ ಸವರಿದ ಹಾಗೆ. ಒಂದೊಂದು ಮಾತಿಗೂ ತಡವರಿಸುತ್ತಿದ್ದರು. ನಾನು ತಿನ್ನುತ್ತಾ ಕೇಳಿದೆ. ನಾಲ್ಕು ವರ್ಷದಿಂದ ನನ್ನೆದುರು ಯಾರೂ ವೈನಿನ ಮಾತು ಎತ್ತಿರಲಿಲ್ಲ. ಎತ್ತಹೊರಟವರೂ ನನ್ನ ಮುಖ ನೋಡಿ ನಿಲ್ಲಿಸುತ್ತಿದ್ದರು.

ಮೂರನೆಯದು ನೆತ್ತಿಯದು. ಆಡಿನ ಹಾಲಿನ ಚೀಸ್ ಕತ್ತರಿಸಿ, ಲೋಟ ತುಂಬಿಸಿ, ಕುಡಿದು, ಮತ್ತೆ ತುಂಬಿಸಿಕೊಂಡರು.

"ಇದನ್ನ ಯಾರೂ ಮುಟ್ತಿರಲಿಲ್ಲ," ಎಂದರು. "ಪ್ರತಿ ವರ್ಷ ಈ ಹೂಜಿ ಅರ್ಧ ಉಳಿಯೋದು. ಅವರೆಲ್ಲ ಊರಿಗೆ ಹೋದ್ಮೇಲೆ ವಾರಗಟ್ಲೆ ನಾನೊಬ್ಳೇ ಕುಡಿದು ಮುಗಿಸ್ತಿದ್ದೆ. ಕಪ್ಪು ಪ್ಲಮ್ಮು, ಒದ್ದೆ ಮಣ್ಣು. ಕೊನೇಲಿ ಕಹಿ ಇದೆ. ಆ ಕಹಿನೇ ಚೆನ್ನಾಗಿದೆ ಬೆರ್ತ್ರಾಂ. ನನಗೆ ಇಷ್ಟ ಇರೋದು ಇದೊಂದೇ. ಇದುವರೆಗೆ ಯಾರಿಗೂ ಹೇಳಿಲ್ಲ. ಯಾರೂ ಕೇಳಲೂ ಇಲ್ಲ."

ನಾನು ಇನ್ನೊಂದು ತುಂಡು ಚೀಸ್ ಕೇಳಿದೆ. ಕೊಟ್ಟರು.

ಆ ಚಳಿಗಾಲದಲ್ಲಿ ಆಕೆ ನೆತ್ತಿಯ ವೈನನ್ನು ಬೆರೆಸದೆ ಬೇರೆಯೇ ಬಾಟಲಿಗೆ ತುಂಬಿಸಿದರು. ವರ್ತಕರಿಗೆ ಹಿಡಿಸಲಿಲ್ಲ, ತೀರಾ ಬಿಗಿ, ಒಗರು ಎಂದರು. ತೂರ್ ಪಟ್ಟಣದ ಒಂದು ಹೋಟೆಲು ಕಾಡುಹಂದಿ ಮಾಂಸದ ಜೊತೆ ಕೊಡಲು ಒಂದಿಷ್ಟು ಕೊಂಡಿತು. ಒಟ್ಟು ಎರಡು ವರ್ಷ ನಾನು ಅಲ್ಲಿಗೆ ಕೊಯ್ಲಿಗೆ ಹೋದೆ. ಎರಡು ಸಲವೂ ಅದೇ ಊಟ. ಆಕೆ ಹೇಳುವುದು, ನಾನು ಕೇಳುವುದು. ಎರಡನೆಯ ವರ್ಷ ಆಕೆ ತಡವರಿಸಲಿಲ್ಲ. ನಡುವಿನ ತಿಂಗಳುಗಳಲ್ಲಿ ಸಂತೆಯಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದೆವು. ಅದಕ್ಕಿಂತ ಹೆಚ್ಚು ಮಾತು ಇಬ್ಬರಿಗೂ ಬರುತ್ತಿರಲಿಲ್ಲ.

ಈ ವರ್ಷ ಫೋನ್ ಬರಲಿಲ್ಲ. ನದಿದಡವನ್ನೂ ಇಳಿಜಾರನ್ನೂ ಪಕ್ಕದ ತೋಟದವರಿಗೆ ಗುತ್ತಿಗೆಗೆ ಕೊಟ್ಟು, ನೆತ್ತಿಯನ್ನಷ್ಟೇ ಇಟ್ಟುಕೊಂಡಿದ್ದಾರೆಂದು ಗೊತ್ತಾಯಿತು. ಅಷ್ಟು ನೆಲಕ್ಕೆ ಯಂತ್ರ ಬೇಡ. ಕಳೆದ ಮಂಗಳವಾರ ಯಂತ್ರ ಓಡಿಸಿಕೊಂಡು ಕೆಳಗಿನ ರಸ್ತೆಯಲ್ಲಿ ಹೋಗುವಾಗ ಮೇಲೆ ಸಾಲುಗಳ ನಡುವೆ ಬಗ್ಗಿದ ಒಂದೇ ಆಕಾರ ಕಂಡಿತು. ನಿಲ್ಲಿಸಿ ಹಾರ್ನ್ ಹೊಡೆದೆ. ಆಕೆ ನೆಟ್ಟಗಾಗಿ ಕತ್ತರಿ ಹಿಡಿದ ಕೈ ಎತ್ತಿದರು. ಗುಡ್ಡ ಹತ್ತಿ ಹೋಗೋಣವೆನ್ನಿಸಿತು. ಹಿಂದೆ ಟ್ರ್ಯಾಕ್ಟರೊಂದು ಕಾಯುತ್ತಿತ್ತು, ಮುಂದಿನ ತೋಟದವರೂ ಕಾಯುತ್ತಿದ್ದರು. ಗೇರ್ ಹಾಕಿ ಮುಂದೆ ಹೊರಟೆ.