ಐಸ್ ಡಬ್ಬಿಯಲ್ಲಿ ಬಂದ ಸ್ಯಾಂಪಲ್

ಅಜ್ಜಿ ಹೇಳುವ ಕಥೆಗಳಲ್ಲಿ ಮಕ್ಕಳಿಲ್ಲದ ರಾಜನೊಬ್ಬ ಇದ್ದೇ ಇರುತ್ತಾನೆ. ಆದರೆ ಮಂತ್ರದ ಹಣ್ಣು ತಿನ್ನುವವಳು ರಾಣಿ, ಕಾಡಿಗೆ ಹೋಗುವವಳೂ ರಾಣಿ. ರಾಜನಿಗೇ ಏನಾದರೂ ತೊಂದರೆಯೇ ಎಂದು ಯಾರೂ ಕೇಳುವುದಿಲ್ಲ.

ಬಟ್ಟೆ ಹೊಲಿದು ಬದುಕುವ ಒಬ್ಬ ಹೊಲಿಗೆಯವಳ ಮನೆಯಲ್ಲೂ, ಮಕ್ಕಳಾಗದೆ, ನಾಲ್ಕು ವರ್ಷದಿಂದ ಅದೇ ಹಾಡು. ರಕ್ತ ಕೊಟ್ಟವಳು ಅವಳು, ಸ್ಕ್ಯಾನಿಗೆಂದು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಕಾದವಳು ಅವಳು. ಎಲ್ಲ ರಿಪೋರ್ಟೂ ಸರಿಯಾಗಿತ್ತು. ಆದರೂ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಿಸಬೇಕೆಂದು ಅತ್ತೆ ಹಟ ಹಿಡಿದು, ಮುಂದಿನ ಸೋಮವಾರವನ್ನೇ ಗೊತ್ತು ಮಾಡಿಸಿದ್ದರು.

"ಮೊದ್ಲು ನಿಮ್ಮ ಮಗನ್ನ ಟೆಸ್ಟ್ ಮಾಡ್ಸಿ ಅಂತ ಡಾಕ್ಟ್ರು ಮೂರು ಸಲ ಹೇಳಿದ್ರು ಅತ್ತೆ. ಅದಾಗೋವರ್ಗೂ ನಾನು ಆ ಆಪರೇಷನ್ ಮಂಚ ಹತ್ತಲ್ಲ!"

"ಅವನಿಗೇನೇ ಧಾಡಿ? ಐಸ್ ಕಾರ್ಖಾನೇಲಿ ದಿನಾ ಐಸ್ ಗಡ್ಡೆ ಎತ್ತಿ ಎತ್ತಿ ಹಾಕ್ತಾನೆ."

"ಐಸ್ ಎತ್ತೋದಕ್ಕೂ ಇದಕ್ಕೂ ಏನು ಸಂಬಂಧ?"

ಕಿರಿಕಿರಿ ತಾಳಲಾರದೆ ಗಂಡ ಒಪ್ಪಿದ. ವೀರ್ಯದ ಸ್ಯಾಂಪಲ್ ತರಲೆಂದು ಲ್ಯಾಬಿನವರು ಕೊಟ್ಟ ಪುಟ್ಟ ಡಬ್ಬಿಯನ್ನು ಮನೆಗೆ ಒಯ್ದು, ಮರುದಿನ ಕಾರ್ಖಾನೆಯ ಐಸ್ ಪೆಟ್ಟಿಗೆಯೊಳಗೆ ಹುದುಗಿಸಿ ತಂದ!

ಲ್ಯಾಬಿನ ಅಕ್ಕ ಹಣೆ ಚಚ್ಚಿಕೊಂಡಳು. "ತಮ್ಮಾ, ಇದೇನು ಮೀನಾ?"

"ಕೆಡಬಾರ್ದು ಅಂತ..."

"ಕೆಡಿಸಿದ್ದೇ ನೀವು! ಮೈಗೆ ಒತ್ತಿಕೊಂಡು, ಒಂದು ಗಂಟೆಯೊಳಗೆ ತರ್ಬೇಕು. ಅದಕ್ಕಿಂತ ಇಲ್ಲೇ ರೂಮಿದೆ, ಚಿಲಕ ಭದ್ರವಾಗಿದೆ. ಮೂರು ದಿನ ಗಂಡ ಹೆಂಡ್ತಿ ದೂರ ಇದ್ದು ಬನ್ನಿ."

ಹೊಲಿಗೆಯವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು. ಸೋಮವಾರ ಹತ್ತಿರ ಬರುತ್ತಿತ್ತು. ಮೂರು ದಿನ ಬಿಟ್ಟು ಇಬ್ಬರೂ ಮತ್ತೆ ಲ್ಯಾಬಿಗೆ ಬಂದರೆ, ಗಂಡನಿಗೋ ಬೇರೆಯೇ ಬಿಗುಮಾನ.

"ನೀವು ಕಣ್ಣಂದಾಜಲ್ಲಿ ನೋಡಿ ನಾನು ಗಂಡಸು ಹೌದೋ ಅಲ್ವೋ ಅಂತ ಬರೀತೀರಾ ಅಕ್ಕಾ?"

"ಗಂಡಸ್ತನದ ಪರೀಕ್ಷೆ ಅಲ್ಲಪ್ಪಾ ಇದು! ಅಂದಾಜು ಅಂದ್ರಲ್ಲ, ಅದು ನಿಜ. ನಾನು ನೆಟ್ಟಗಿದೆ ಅಂದಿದ್ದನ್ನ ಇನ್ನೊಬ್ರು ಸೊಟ್ಟ ಅಂತಿದ್ರು. ಈಗ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ, ಅದಕ್ಕೊಂದು ಕಂಪ್ಯೂಟರ್. ಒಂದೊಂದು ವೀರ್ಯಾಣುವಿನ ತಲೆ ಎಷ್ಟುದ್ದ, ಎಷ್ಟಗಲ, ಬಾಲ ಹೇಗಿದೆ, ಎಲ್ಲಾನೂ ಒಂದೇ ಅಳತೇಲಿ ನೋಡುತ್ತೆ. ಅದು ತಪ್ಪಿದ್ರೆ ತಿದ್ದೋಕೆ ನಾವಿದ್ದೀವಿ."

"ಕೈಯಲ್ಲಿ ಗೇಣು ಹಾಕೋ ಬದ್ಲು ಟೇಪ್ ಹಿಡಿದ ಹಾಗೆ," ಎಂದಳು ಹೊಲಿಗೆಯವಳು. "ಇನ್ನಾದ್ರೂ ಒಳಗೆ ಹೋಗ್ತೀರಾ, ಇಲ್ಲಾ ನಾನೇ ತಳ್ಳಲಾ?"

ಶನಿವಾರ ರಿಪೋರ್ಟ್ ಬಂತು. ಸರಿಯಾದ ಆಕಾರದವು ನೂರಕ್ಕೆ ಎರಡು.

"ಅಯ್ಯಯ್ಯೋ, ತೊಂಬತ್ತೆಂಟು ಸೊಟ್ಟವಾ?" ಅತ್ತೆ ಕೂಗಿದರು.

"ಗಾಬರಿ ಬೇಡಮ್ಮ," ಎಂದಳು ಲ್ಯಾಬಿನ ಅಕ್ಕ. "ನೂರಕ್ಕೆ ನಾಲ್ಕಿದ್ರೂ ಸರಿ ಅಂತೀವಿ. ಎರಡು ಅಂದ್ರೆ ಮಕ್ಕಳೇ ಆಗಲ್ಲ ಅಂತಲ್ಲ. ಎಣಿಕೆ ಎಷ್ಟು, ಓಡಾಟ ಹೇಗೆ ಅಂತಾನೂ ಡಾಕ್ಟ್ರು ನೋಡ್ತಾರೆ. ಕೆಲವು ವಾರ ಬಿಟ್ಟು ಇನ್ನೊಂದ್ಸಲ ಟೆಸ್ಟ್ ಮಾಡ್ಬೇಕು."

ಡಾಕ್ಟರೂ ಅದನ್ನೇ ಹೇಳಿ, ಗಂಡನಿಗೆ ಸಿಗರೇಟು ಬಿಡಲು ತಿಳಿಸಿ, ಸೋಮವಾರದ ಕ್ಯಾಮೆರಾ ಪರೀಕ್ಷೆಯನ್ನು ನಿಲ್ಲಿಸಿದರು. ಗಂಡ ಹೆಂಡತಿಯತ್ತ ತಿರುಗಿದ. "ನಾಲ್ಕು ವರ್ಷ ನಿನ್ನನ್ನ ಸುಮ್ನೆ ಚುಚ್ಚಿಸ್ಬಿಟ್ಟೆ ಕಣೇ."

"ಈಗಾದ್ರೂ ತಿಳೀತಲ್ಲ!"

ಅತ್ತೆಯ ನಾಲಿಗೆ ಈಗ ಮಗನತ್ತ ತಿರುಗಿತು. "ಮೊದ್ಲು ಆ ಸಿಗರೇಟು ಆಚೆ ಎಸಿ. ಡಾಕ್ಟ್ರು ಹೇಳಿದ್ದು ಕಿವಿಗೆ ಬಿತ್ತಾ?"

ಓದುತ್ತಿರುವ ಅಣ್ಣ ತಮ್ಮಂದಿರೇ, ಮಗು ಬೇಕೆಂದು ಒಂದು ವರ್ಷ ಕಳೆದರೂ ಬಸಿರು ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ಪರೀಕ್ಷೆಗೆ ಸೂಜಿಯಿಲ್ಲ, ಕತ್ತರಿಯಿಲ್ಲ. ಹೆಂಡತಿಯನ್ನು ಮುಂದೆ ತಳ್ಳಿ ನೀವು ಬಾಗಿಲಾಚೆ ನಿಲ್ಲಬೇಡಿ. ಒಳಗೆ ಬನ್ನಿ.