ಮೂರನೇ ನೆಲಮಾಳಿಗೆ

ಆಟ ಮಂದಿ ಕೈಗೆ ಸಿಗಲು ಇನ್ನೂ ಇಪ್ಪತ್ತೆರಡು ದಿನ ಇದ್ದವು. ಶಹಾಪುರದ ಯಶೋಧರಾಳ ಲ್ಯಾಪ್‌ಟಾಪಿಗೆ ಮಾತ್ರ ಅದು ಶುಕ್ರವಾರವೇ ಬಂದು ಇಳಿಯಿತು. ಪುಣೆಯ ಒಂದು ಸಣ್ಣ ಕಂಪನಿ ತಯಾರಿಸಿದ ಆಟ. ಹೆಸರು ‘ಏಳು ನೆಲಮಾಳಿಗೆ’. ನಾಲ್ಕು ಜನ ತಮ್ಮ ತಮ್ಮ ಮನೆಯಲ್ಲಿ ಕೂತು, ಆಟದೊಳಗೆ ಒಂದೇ ಕಂದೀಲಿನ ಬೆಳಕಿನಲ್ಲಿ, ಹಾಳು ಕೋಟೆಯೊಂದರ ಕೆಳಗಿನ ಏಳು ಅಂತಸ್ತುಗಳನ್ನು ಇಳಿಯಬೇಕು.

ಯಶೋಧರಾ ಊರಿನ ಪಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಉಳಿದ ಹೊತ್ತಿನಲ್ಲಿ ಹೊಸ ಆಟಗಳನ್ನು ಆಡಿ, ಹೇಗಿವೆ ಅಂತ ತನ್ನ ಬ್ಲಾಗಿನಲ್ಲಿ ಬರೆಯುತ್ತಾಳೆ. ಪುಸ್ತಕದ ಕನ್ನಡದಲ್ಲಲ್ಲ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ. ಅದಕ್ಕೇ ಓದುವವರು ಬೀದರಿನಿಂದ ರಾಯಚೂರಿನ ತನಕ ಇದ್ದಾರೆ. ಬಿಡುಗಡೆಗೆ ಮೊದಲೇ ಒಂದು ಆಟವನ್ನು ನಂಬಿ ಆಕೆಗೆ ಕೊಟ್ಟದ್ದು ಇದೇ ಮೊದಲು. ಷರತ್ತು ಒಂದೇ: ಸೋಮವಾರ ಬೆಳಗಿನ ಹತ್ತು ಗಂಟೆಗೆ ಮೊದಲು ಒಂದಕ್ಷರವೂ ಹೊರಗೆ ಬರಕೂಡದು.

ಆಕೆಗಿಂತ ಹೆಚ್ಚು ಚಡಪಡಿಸುತ್ತಿದ್ದವನು ಸುರಪುರದ ಗಯಾಸ. ಆಟದ ಕನ್ನಡ ಪೂರ್ತಿ ಅವನದು. ತನ್ನ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಸ್ಟೂಲಿನ ಮೇಲೆ ಕೂತು, ನಾಲ್ಕು ತಿಂಗಳಲ್ಲಿ ಹನ್ನೊಂದು ಸಾವಿರ ಸಾಲು ಕನ್ನಡಕ್ಕೆ ತಂದಿದ್ದ. ಆಟ ಮುಗಿದಾಗ ಮೇಲಕ್ಕೆ ಸರಿಯುವ ಹೆಸರುಗಳಲ್ಲಿ ‘ಕನ್ನಡ: ಗಯಾಸ’ ಅಂತ ಒಂದು ಸಾಲು ಬರುತ್ತದೆ. ಆ ಸಾಲಿನ ಫೋಟೊವನ್ನು ಅವನು ಆಕೆಗೆ ಮೂರು ಸಲ ಕಳಿಸಿದ್ದ. ಶುಕ್ರವಾರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಫೋನು ಮಾಡಿ, ಡೌನ್‌ಲೋಡ್ ಆಯಿತೇ, ಅಕ್ಷರ ಸರಿಯಾಗಿ ಮೂಡುತ್ತವೆಯೇ ಅಂತ ಕೇಳಿದ. ಆಕೆ ಏನು ಬರೆಯುತ್ತಾಳೋ ಅನ್ನುವುದು ಅವನ ದನಿಯಲ್ಲೇ ಇತ್ತು.

ಇಬ್ಬರೂ ಯಾದಗಿರಿಯ ಡಿಗ್ರಿ ಕಾಲೇಜಿನಲ್ಲಿ ಒಂದೇ ಕ್ಲಾಸು. ಆಟದ ಉಳಿದ ಇಬ್ಬರೂ ಅದೇ ಕ್ಲಾಸಿನವರು: ಯಾದಗಿರಿಯಲ್ಲಿ ತಂದೆಯ ಬಟ್ಟೆ ಅಂಗಡಿ ನೋಡಿಕೊಳ್ಳುವ ಬಸವಲಿಂಗ, ಸೈದಾಪುರದಲ್ಲಿ ಮನೆ ಮಾಡಿಕೊಂಡು ಕಡೇಚೂರಿನ ಫ್ಯಾಕ್ಟರಿಗೆ ಹೋಗುವ ಜ್ಯೋತಿ. ಎಂಟು ವರ್ಷದಿಂದ ನಾಲ್ವರೂ ಸೇರಿ ಆಡದ ವಾರವಿಲ್ಲ.

ಶನಿವಾರ ಕಾಲೇಜು ಅರ್ಧ ದಿನ. ಯಶೋಧರಾಳ ಜೊತೆ ಆಡುವವರಿಗೆಂದು ಕಂಪನಿ ಇನ್ನೂ ಮೂರು ಪ್ರತಿ ಕಳಿಸಿತ್ತು. ಮಧ್ಯಾಹ್ನ ಮೂರಕ್ಕೆ ನಾಲ್ವರೂ ಹೆಡ್‌ಫೋನ್ ಹಾಕಿಕೊಂಡು ಕೂತರು. ಯಶೋಧರಾಳ ಮನೆಯ ಪಡಸಾಲೆಯಲ್ಲಿ ಅವ್ವ ಮರಿಲಿಂಗಮ್ಮ ತೊಗರಿಬೇಳೆ ಹಸನು ಮಾಡುತ್ತಿದ್ದಳು.

ಮೊದಲ ನೆಲಮಾಳಿಗೆಯಲ್ಲೇ ಯಶೋಧರಾಳ ಅಂಗೈ ಬೆವೆತಿತು. ಈ ಆಟದಲ್ಲಿ ಹೆದರಿಕೆ ರಾಕ್ಷಸರಿಗಿಂತ ಹೆಚ್ಚಾಗಿ ದನಿಯಿಂದ ಬರುತ್ತಿತ್ತು. ಜೊತೆಯವರು ಹತ್ತಿರ ಇದ್ದರೆ ಅವರ ಮಾತು ಕಿವಿಯ ಪಕ್ಕದಲ್ಲೇ. ಹತ್ತು ಹೆಜ್ಜೆ ಹಿಂದೆ ಬಿದ್ದರೆ ನೆಲದಡಿ ಜೋಳ ತುಂಬಿಡುವ ಹಗೇವಿನೊಳಗಿಂದ ಬಂದಂತೆ. ಇಪ್ಪತ್ತು ಹೆಜ್ಜೆಯಾದರೆ ಯಾರೂ ಇಲ್ಲ, ಬರೀ ತನ್ನ ಉಸಿರು. ಕಂದೀಲು ಒಬ್ಬರ ಕೈಯಲ್ಲಿ ಮಾತ್ರ. ಅವರು ತಿರುಗಿದ ಕಡೆ ಬೆಳಕು, ಉಳಿದವರಿಗೆ ನೆರಳು. ಕಂದೀಲು ಹಿಡಿದಿದ್ದ ಬಸವಲಿಂಗ ಆಸೆಬುರುಕ, ಪೆಟ್ಟಿಗೆ ಕಂಡಲ್ಲೆಲ್ಲ ಓಡುತ್ತಿದ್ದ. ಅವನ ಹಿಂದೆ ಮೂವರೂ ಎದ್ದು ಬಿದ್ದು ಓಡುವುದು, ಜ್ಯೋತಿ ಬೈಯುವುದು, ಗಯಾಸ ತಾನೇ ಬರೆದ ಸಾಲು ಬಂದಾಗಲೆಲ್ಲ ಇದು ಹೆಂಗದ ಅಂತ ಕೇಳುವುದು. ‘ಇಂಥ ಆಟ ನಾ ಆಡಿಲ್ಲ’ ಅಂತ ಯಶೋಧರಾ ಪಕ್ಕದ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಳು.

ಮೂರನೇ ನೆಲಮಾಳಿಗೆ ಬರೀ ಕೆಸರು. ಕೆಸರಿನೊಳಗಿಂದ ಏನೋ ಎದ್ದು ಆಕೆಯ ಕಾಲು ನೆಕ್ಕಿ ಮುಳುಗಿತು. ಪರದೆಯ ಮೇಲಿನ ಆಕೆಯ ಪಾತ್ರದ ಮೈ ಮೊಣಕಾಲಿನಿಂದ ಮೇಲಕ್ಕೆ ಕಪ್ಪಾಗುತ್ತ ಬಂತು. ತಲೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಕೆಂಪು ಅಕ್ಷರ ಮೂಡಿತು: ‘ಯಶೋಧರಾ ಮೈಲಿಗೆಯಾಗಿದ್ದಾಳೆ.’ ಅದರ ಕೆಳಗೆ ಇನ್ನೊಂದು ಸಾಲು: ‘ಮುಟ್ಟಬೇಡಿ. ದೂರ ನಿಲ್ಲಿ.’

ಆಕೆಗೆ ಒಂದು ಕ್ಷಣ ತಾನು ಸರಿಯಾಗಿ ಓದಿದ್ದೇನೆ ಅಂತಲೇ ಅನ್ನಿಸಲಿಲ್ಲ.

“ಮುಟ್ಟಬ್ಯಾಡ್ರಿ ಆಕೀನ, ಮೈಲಿಗ್ಯಾಗ್ಯಾಳ,” ಅಂತ ಬಸವಲಿಂಗ ನಕ್ಕ. ಪರದೆಯ ಮೇಲಿದ್ದದ್ದನ್ನು ಓದಿದ್ದ, ಅಷ್ಟೇ. ಜ್ಯೋತಿಗೆ ಹಾಗಾಗಿದ್ದರೂ ಹೀಗೇ ನಗುತ್ತಿದ್ದ. ನಗುತ್ತಲೇ ಕಂದೀಲು ಹಿಡಿದು ಹಿಂದಕ್ಕೆ ಸರಿದ. ಬೆಳಕೂ ಅವನ ಜೊತೆ ಸರಿಯಿತು.

ಮೂಲೆಯಲ್ಲಿ ಒಂದು ಬಾವಿ ಇತ್ತು. ಯಶೋಧರಾ ಅದರ ಕಡೆ ಹೋದಳು. ಅಲ್ಲೂ ಅಕ್ಷರ ಕಾದಿದ್ದವು: ‘ಮೈಲಿಗೆಯಾದವರು ಮುಟ್ಟಿದರೆ ಬಾವಿ ಕೆಡುತ್ತದೆ. ಬೇರೆಯವರು ಮೇಲಿನಿಂದ ನೀರು ಹೊಯ್ಯುವ ತನಕ ಕಾಯಿರಿ.’

ಆಕೆ ಕತ್ತಲಲ್ಲಿ ಬಾವಿಯ ಪಕ್ಕ ನಿಂತಳು. ದೂರದಿಂದ ಬಸವಲಿಂಗನ ನಗು ಸಣ್ಣಗೆ ಬರುತ್ತಿತ್ತು. ಸುಮ್ಮನಿರು ಅಂತ ಜ್ಯೋತಿ ಅವನಿಗೆ ಹೇಳಿದ್ದು ಕೇಳಿಸಿತು. ಗಯಾಸನ ದನಿ ಮಾತ್ರ ಇರಲಿಲ್ಲ. ಎರಡು ತಾಸಿನಿಂದ ಸಾಲು ಸಾಲಿಗೆ ಹೆಂಗದ ಅಂತ ಕೇಳುತ್ತಿದ್ದವನು ಈ ಸಾಲಿಗೆ ಕೇಳಲಿಲ್ಲ.

ಕರೆಂಟ್ ಹೋಯಿತು ಅಂತ ಹೇಳಿ ಯಶೋಧರಾ ಲ್ಯಾಪ್‌ಟಾಪ್ ಮುಚ್ಚಿದಳು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಮರಿಲಿಂಗಮ್ಮ ಮೊರ ಕೆಳಗಿಟ್ಟು, ಮುಖ ಯಾಕೆ ಹಿಂಗಾಗ್ಯದ ಅಂತ ಕೇಳಿದಳು. ಯಶೋಧರಾ ಆ ಸಾಲುಗಳನ್ನು ಹೇಳಿದಳು. ಅವ್ವ ಬೇಳೆಯಲ್ಲಿ ಕೈಯಾಡಿಸುತ್ತ ಮಾತು ತೆಗೆದಳು. ತವರೂರು ಸಗರದಲ್ಲಿ ತನ್ನ ಅವ್ವ ಬಾವಿಯ ಕಟ್ಟೆಯಿಂದ ಇಷ್ಟು ದೂರ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಬಂದು ನೀರು ಹೊಯ್ಯುವ ತನಕ ನಿಲ್ಲುತ್ತಿದ್ದಳು ಅಂದಳು. ತಾನೂ ಸೆರಗು ಹಿಡಿದು ನಿಂತದ್ದು ನೆನಪಿದೆಯಂತೆ. ಈ ಮಾತನ್ನು ಅವ್ವ ಎಂದೂ ಹೇಳಿದ್ದಿಲ್ಲ. ಮನೆಯಲ್ಲಿ ಬುದ್ಧನ ಫೋಟೊ ಬಂದ ಮೇಲೆ ಅವಳು ಹಳೆಯ ಮಾತನ್ನು ತೆಗೆಯುತ್ತಲೇ ಇರಲಿಲ್ಲ.

ಆದರೆ ಬರೆಯಬೇಡ ಅಂತಲೂ ಅವಳೇ ಹೇಳಿದಳು. ಮಂದಿ ಮೊದಲು ನಿನ್ನ ಜಾತಿ ಕೇಳುತ್ತಾರೆ, ಆಮೇಲೆ ಕಾಲೇಜಿನ ತನಕ ಬರುತ್ತಾರೆ, ನೌಕರಿ ಪರ್ಮನೆಂಟ್ ಆಗಿಲ್ಲ ಅಂದಳು. “ಅದೂ ಗಯಾಸ ಬರೆದದ್ದು. ಈ ಮನ್ಯಾಗ ಉಂಡಾನವ್ವ ಅಂವ.”

ಅದೇ ಯಶೋಧರಾಳ ಎದೆಯಲ್ಲಿ ಕಲ್ಲಾಗಿ ಕೂತಿದ್ದು. ರಾತ್ರಿ ತನಕ ಬರೆದಳು, ಅಳಿಸಿದಳು. ದನಿಯ ಬಗ್ಗೆ, ಕಂದೀಲಿನ ಬಗ್ಗೆ ನಾಲ್ಕು ಪುಟ ಸರಾಗವಾಗಿ ಬಂತು. ಮೂರನೇ ನೆಲಮಾಳಿಗೆಗೆ ಬಂದಾಗ ಕೈ ನಿಂತಿತು. ಆ ಮಾತು ಬಿಟ್ಟು ಬರೆದರೆ ಬರೆದದ್ದೆಲ್ಲ ಸುಳ್ಳು. ಬರೆದರೆ, ಬಿಡುಗಡೆಗೆ ಮೊದಲೇ ಗಯಾಸನ ಹೆಸರಿಗೆ ಮಸಿ. ಒಂದು ದಾರಿ ಕಂಡಿತು: ಮೊದಲು ಅವನಿಗೆ ಹೇಳುವುದು. ಫೋನಿನಲ್ಲಲ್ಲ.

ಭಾನುವಾರ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದಳು. ಕಾಲುವೆ ನೀರಿನ ಗದ್ದೆಗಳು ಎರಡೂ ಕಡೆ ಹಸಿರಾಗಿ ಬಿದ್ದಿದ್ದವು. ಹತ್ತಿಗೂಡೂರು ಬರುವಷ್ಟರಲ್ಲಿ ಮೊದಲ ಮಾತು ಏನು ಅನ್ನುವುದನ್ನು ಏಳೆಂಟು ಸಲ ಬದಲಿಸಿದ್ದಳು. ಅವನು ಸಿಟ್ಟಾದರೆ? ಅದಕ್ಕಿಂತ, ಅವನು ಅಳು ಮೋರೆ ಮಾಡಿ ತಪ್ಪಾಯಿತು ಅಂದುಬಿಟ್ಟು, ಆಮೇಲೆ ಬರೆಯಬೇಡ ಅಂತ ಕೇಳಿಕೊಂಡರೆ?

ಗಯಾಸನ ತಾಯಿ ಚಾಂದಬೀ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ಅವ್ವ ಆರಾಮ ಇದ್ದಾಳಾ ಅಂತ ವಿಚಾರಿಸಿ ಚಹಾಕ್ಕೆ ಇಟ್ಟಳು. ಗಯಾಸ ಆಕೆಯನ್ನು ಕಂಡು ನಗಲಿಲ್ಲ. ಯಾಕೆ ಬಂದಿ ಅಂತಲೂ ಕೇಳಲಿಲ್ಲ.

ಬಸ್ಸಿನಲ್ಲಿ ಕಟ್ಟಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಮೈಲಿಗೆ ಅಂತ ಯಾಕೆ ಬರೆದೆ ಅಂತಷ್ಟೇ ಕೇಳಿದಳು.

ಅವನು ಮೊದಲು ವಾದ ಮಾಡಿದ. ಒಗೆಯಲು ಹಾಕಿದ ಬಟ್ಟೆಗೂ ಮೈಲಿಗೆ ಅನ್ನುತ್ತಾರೆ, ಶಬ್ದಕೋಶದಲ್ಲಿ ಹೊಲಸು ಅಂತಲೇ ಅರ್ಥ ಇದೆ ಅಂದ. ಮೊದಲು ಸೋಂಕು ಅಂತ ಬರೆದಿದ್ದನಂತೆ. ಕಂಪನಿಯವರು ಅದು ಆಸ್ಪತ್ರೆಯ ಮಾತಿನ ಹಾಗಿದೆ, ಹಳೇ ಕಾಲದ್ದು ಬೇಕು ಅಂದರಂತೆ. ಆಟದ ರೂಲ್ಸ್ ತಾನು ಮಾಡಿದ್ದಲ್ಲ, ಇಂಗ್ಲಿಷಿನಲ್ಲೂ ಬಾವಿ ಕೆಡುತ್ತದೆ ಅಂದ. ಅದು ಖರೆ ಅಂತ ಯಶೋಧರಾ ಒಪ್ಪಿದಳು. ಇಂಥ ರೂಲ್ಸ್ ಎಷ್ಟೋ ಆಟಗಳಲ್ಲಿ ಆಕೆ ನೋಡಿದ್ದಳು. ವಿಷ ಏರುತ್ತದೆ, ಜೊತೆಯವರಿಗೆ ಹತ್ತುತ್ತದೆ, ಆಕೆಗೆ ಏನೂ ಅನ್ನಿಸಿರಲಿಲ್ಲ. ಆ ಒಂದು ಪದ ಬಂದು ಕೂತ ಕೂಡಲೇ ಬಾವಿ ಸಗರದ ಬಾವಿಯಾಗಿತ್ತು.

“ನಿನಗ ಗೊತ್ತಿದ್ದಿಲ್ಲೇನು?” ಅಂತ ಕೇಳಿದಳು.

ಗಯಾಸ ತಲೆ ತಗ್ಗಿಸಿದ. ಒಳಗೆ ಹಾಲು ಉಕ್ಕಿದ ಸದ್ದಾಯಿತು, ಚಾಂದಬೀ ಏನೋ ಗೊಣಗಿಕೊಂಡಳು.

“ಬರಿಯೋ ಮುಂದ ನೀ ನೆನಪಾದಿ,” ಅಂದ ಅವನು. “ಖರೆ ಹೇಳ್ತೀನಿ. ಒಂದು ದಿನ ಆ ಸಾಲಿನ ಮ್ಯಾಲೆ ಕುಂತೆ. ಆಮ್ಯಾಲ, ಆಡೋರು ಎಲ್ಲಿಯವರೋ ಏನೋ, ಯಾರು ಗಮನಿಸ್ತಾರ ಅಂದುಕೊಂಡು ಕಳಿಸಿಬಿಟ್ಟೆ. ನಿನ್ನೆ ನಿನ್ನ ಹೆಸರಿನ ಮ್ಯಾಲೆ ಅದು ಬಂದಾಗ ನನ್ನ ಬಾಯಿ ಬಂದ್ ಆತು.”

ತಿಳಿಯದೆ ಮಾಡಿದ್ದಾನೆ ಅಂತ ಯಶೋಧರಾ ನಂಬಿಕೊಂಡು ಬಂದಿದ್ದಳು. ಆ ನಂಬಿಕೆಯ ಮೇಲೇ ಮಾತೆಲ್ಲ ಕಟ್ಟಿದ್ದಳು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಚಾಂದಬೀ ಚಹಾ ತಂದಿಟ್ಟು, ಇಬ್ಬರ ಮುಖ ನೋಡಿ, ಏನಾಯಿತು ಅಂದಳು. ಗಯಾಸ, ಮುಳ್ಳು ಚುಚ್ಚಿ ಕಾಲು ಕಪ್ಪಾಗುತ್ತ ಏರಿದರೆ ಏನನ್ನುತ್ತಾರೆ ಅಮ್ಮಿ ಅಂತ ಕೇಳಿದ.

“ನಂಜು ಏರ್ಯದ ಅಂತಾರ,” ಅಂದಳು ಚಾಂದಬೀ, ಇದನ್ನೂ ಕೇಳಬೇಕೇ ಅನ್ನುವ ಹಾಗೆ.

ಗಯಾಸ ಲ್ಯಾಪ್‌ಟಾಪ್ ತೆಗೆದು ಯಶೋಧರಾಳ ಎದುರಿಗೇ ಕಂಪನಿಗೆ ಪತ್ರ ಬರೆದ. ಆ ಪದ ಯಾಕೆ ಇರಕೂಡದು, ಅದರ ಬದಲು ‘ನಂಜು’ ಅಂತ ಯಾಕೆ ಇರಬೇಕು, ತಪ್ಪು ತನ್ನದೇ, ಅದನ್ನು ಹಿಡಿದವಳು ಯಶೋಧರಾ ಅಂತ. ಇನ್ನೊಮ್ಮೆ ಓದಿ ನೋಡಿ ಕಳಿಸಿದ. ನಾಳೆ ಹತ್ತಕ್ಕೆ ನಾನೂ ಬರೆಯುತ್ತೇನೆ ಅಂದಳು ಯಶೋಧರಾ. ಅವನು ಬೇಡ ಅನ್ನದೆ ಲ್ಯಾಪ್‌ಟಾಪ್ ಮುಚ್ಚಿಟ್ಟ.

ಸೋಮವಾರ ಒಂಬತ್ತೂವರೆ ಕಳೆದರೂ ಉತ್ತರ ಇಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಯಶೋಧರಾ ಫೋನು ನೋಡುತ್ತ ಕೂತಿದ್ದಳು. ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಕಂಪನಿಯ ಪತ್ರ ಬಂತು, ಗಯಾಸನಿಗಲ್ಲ, ಆಕೆಗೇ. ವಿಷಯ ತಿಳಿಯಿತು, ಬೇಸರವಾಯಿತು, ಬಿಡುಗಡೆಯ ನಂತರದ ತಿದ್ದುಪಡಿಯಲ್ಲಿ ನೋಡುತ್ತೇವೆ, ಅಲ್ಲಿಯ ತನಕ ದಯವಿಟ್ಟು ಇದನ್ನು ಪ್ರಸ್ತಾಪಿಸಬೇಡಿ ಅಂತ ಇತ್ತು. ಮುಂದಿನ ಆಟವನ್ನೂ ನಿಮಗೇ ಮೊದಲು ಕಳಿಸುವ ಮನಸ್ಸಿದೆ ಅಂತಲೂ ಇತ್ತು.

ಆಕೆ ಪತ್ರವನ್ನು ಎರಡು ಸಲ ಓದಿದಳು. ಅವ್ವನ ಮಾತು, ಪ್ರಿನ್ಸಿಪಾಲರ ಮುಖ, ಗಯಾಸನ ಆ ಒಂದು ಸಾಲಿನ ಫೋಟೊ ಎಲ್ಲ ಒಟ್ಟಿಗೆ ಬಂದವು. ಹತ್ತಾಯಿತು. ಹತ್ತೂ ಐದಕ್ಕೆ ಬೆಲ್ಲು ಹೊಡೆಯಿತು. ಆಕೆ ಬರೆದದ್ದನ್ನು ಪೂರ್ತಿ, ಒಂದು ಸಾಲೂ ತೆಗೆಯದೆ ಬ್ಲಾಗಿಗೆ ಹಾಕಿ, ಫೋನು ಬ್ಯಾಗಿನೊಳಗೆ ಹಾಕಿ ಕ್ಲಾಸಿಗೆ ಹೋದಳು. ದನಿ, ಕಂದೀಲು, ಕತ್ತಲಿನ ಬಗ್ಗೆ ಮನಸಾರೆ ಹೊಗಳಿದ್ದಳು. ಆಮೇಲೆ ಮೂರನೇ ನೆಲಮಾಳಿಗೆಯಲ್ಲಿ ತನ್ನ ತಲೆಯ ಮೇಲೆ ಏನು ಬಂತು, ಅಜ್ಜಿ ಎಲ್ಲಿ ನಿಲ್ಲುತ್ತಿದ್ದಳು ಅನ್ನುವುದನ್ನೂ ಬರೆದಿದ್ದಳು. ಗಯಾಸನ ಹೆಸರು ಬರೆದಿರಲಿಲ್ಲ.

ಮಧ್ಯಾಹ್ನ ಫೋನು ತೆಗೆದಾಗ ಅವ್ವ ಹೆದರಿದ್ದೆಲ್ಲ ಬಂದಿತ್ತು. ಆಟದಲ್ಲೂ ಜಾತಿ ಹುಡುಕುತ್ತಾಳೆ ಅಂದವರು, ಅದಕ್ಕಿಂತ ಕೆಟ್ಟದ್ದು ಬರೆದವರು. ಪ್ರಿನ್ಸಿಪಾಲರು ಕರೆಸಿ, ಕಾಲೇಜಿನ ಹೆಸರು ಎಲ್ಲೂ ಬಂದಿಲ್ಲವಲ್ಲ ಅಂತಷ್ಟೇ ಕೇಳಿದರು. ತಮಗೂ ಹೀಗೇ ಅನ್ನಿಸುತ್ತಿತ್ತು ಅಂದವರೂ ಇದ್ದರು, ಎಣಿಸಿದ್ದಕ್ಕಿಂತ ಹೆಚ್ಚು. ಬಸವಲಿಂಗ ದೊಡ್ಡದೊಂದು ಮೆಸೇಜು ಬರೆದು ಅಳಿಸಿದ್ದ. ಅಳಿಸಿದ ಗುರುತಷ್ಟೇ ಉಳಿದಿತ್ತು. ಸಂಜೆ ಅವನೇ ಫೋನು ಮಾಡಿ, ನಕ್ಕಿದ್ದು ತಪ್ಪಾಯಿತು ಅಂತ ತಡವರಿಸುತ್ತ ಹೇಳಿ ಇಟ್ಟುಬಿಟ್ಟ. ಗಯಾಸನಿಂದ ಏನೂ ಇಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಆಕೆ ಊಟಕ್ಕೆ ಕೂತರೂ ಫೋನು ತಾಟಿನ ಪಕ್ಕ ಇರುತ್ತಿತ್ತು.

ಗುರುವಾರ ಕಾಲೇಜು ಬಿಟ್ಟಾಗ ಅವನು ಗೇಟಿನ ಎದುರು ಬೈಕಿಗೆ ಒರಗಿ ನಿಂತಿದ್ದ. ಮುಖ ಬಾಡಿತ್ತು. ಕಂಪನಿಯವರು ಫೋನು ಮಾಡಿದ್ದರಂತೆ. ಬಯ್ದರಂತೆ. ಆಟ ಬರುವ ಮೊದಲೇ ಪದ ಬದಲಿಸಲು ಒಪ್ಪಿದರಂತೆ, ಆದರೆ ಇನ್ನೂ ಎಲ್ಲೆಲ್ಲಿ ಏನೇನಿದೆಯೋ ಅಂತ ಅಂಜಿ, ಹನ್ನೊಂದು ಸಾವಿರ ಸಾಲನ್ನೂ ಮತ್ತೊಮ್ಮೆ ನೋಡಿ ಕೊಡಬೇಕು, ಒಬ್ಬನೇ ಅಲ್ಲ, ಇನ್ನೊಬ್ಬರನ್ನು ಕೂರಿಸಿಕೊಂಡು ಅಂದರಂತೆ. ಹತ್ತು ದಿನ ಟೈಮು.

“ನೀ ಕುಂದರ್ತೀ ಏನು?” ಅಂತ ಕೇಳಿದ.

ಅವನು ತನ್ನನ್ನು ನೆನೆಸಿಕೊಂಡೂ ಆ ಸಾಲು ಕಳಿಸಿದ್ದು ಯಶೋಧರಾಳಿಗೆ ಇನ್ನೂ ಒಳಗೆ ಚುಚ್ಚುತ್ತಿತ್ತು.

“ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ನನಗ,” ಅಂದಳು.

“ಹೋಗೂದು ಬ್ಯಾಡ. ಸಿಟ್ಟು ಇಟಗೊಂಡೇ ಓದು,” ಅಂದ ಗಯಾಸ.

ಆ ಸಂಜೆಯೇ ಫೈಲು ಬಂತು. ಅವ್ವನಿಗೆ ಹೇಳಿ, ಬಾಗಿಲ ಬಳಿಯ ಬೆಳಕಿಗೆ ಕೂತು, ಯಶೋಧರಾ ಮೊದಲ ಸಾಲಿನಿಂದ ಓದತೊಡಗಿದಳು. ಬಾಗಿಲು ತೆರೆಯಿರಿ, ಎಣ್ಣೆ ಮುಗಿಯುತ್ತಿದೆ, ಎಡಕ್ಕೆ ಹೋಗಬೇಡಿ. ಮುಂದಿನದು ಏನಿರುತ್ತದೋ ಅಂತ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದಳು. ಇನ್ನೂರ ನಾಲ್ಕನೇ ಸಾಲಿನಲ್ಲಿ ಚುಚ್ಚುವಂಥ ಇನ್ನೊಂದು ಪದ ಕಂಡು ನಿಂತಳು, ಎರಡು ಸಲ ಓದಿದಳು, ಫೋನು ಎತ್ತಿಕೊಂಡಳು. ಗಯಾಸ ಮೊದಲ ರಿಂಗಿಗೇ ಎತ್ತಿದ.