ಹಳೆಯ ಹುಲ್ಲಿನ ಮೇಲೆ

ಬೆಳಗಿನಿಂದ ಗಂಗೆ ಅಂಗಳದಲ್ಲೇ ಇದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಹುಲ್ಲಿನ ಕಟ್ಟುಗಳನ್ನು ಗೋಡೆಯ ಬುಡದಿಂದ ಬೇಲಿಯ ಹತ್ತಿರಕ್ಕೆ ಸರಿಸಿದಳು, ಮತ್ತೆ ಗೋಡೆಯ ಬುಡಕ್ಕೇ ತಂದಳು.

"ಗಂಗೆ, ಗಂಜಿ ತೊಳಸೂಕೆ ಬಾರೆ," ಒಳಗಿನಿಂದ ಅತ್ತೆ ಸೋಮಿ ಕರೆದಳು.

"ಬಂದೆ ಅತ್ತೆ," ಎಂದಳು. ಹೋಗಲಿಲ್ಲ.

ಗಂಡ ಜಟ್ಟ, ನೆರೆಮನೆಯ ಮಾಬ್ಲ ಆಗಲೇ ಮನೆಯ ಮಾಡು ಹತ್ತಿದ್ದರು. ಮಳೆಗೆ ಮುಂಚೆ ಹಳೆಯ ಹುಲ್ಲು ಕಿತ್ತು, ಹುಳ ತಿಂದ ಬಿದಿರ ಗಳ ಬದಲಿಸಿ ಹೊಸದಾಗಿ ಹೊದಿಸಬೇಕೆಂದು ಜಟ್ಟ ಬೇರೆ ಗಳ ಕಡಿದಿಟ್ಟಿದ್ದ. ದಿನಾ ಬೆಳಿಗ್ಗೆ ಒಲೆಯ ಸುತ್ತ ಗಳದಿಂದ ಹಿಟ್ಟಿನಂಥ ಹಳದಿ ಪುಡಿ ಉದುರಿರುತ್ತಿತ್ತು. ಆದರೆ ಸೋಮಿ ಬಿಡಲಿಲ್ಲ.

"ಬಸುರಿ ಇದ್ದ ಮನೆ ಮಾಡು ಬಿಚ್ಚೂಕಾಗ. ಹಳೇದ್ರ ಮೇಲೇ ಹೊದ್ಸಿ."

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಗಂಗೆಯ ಮುಟ್ಟು ತಪ್ಪಿತ್ತು. ಸೋಮಿ ಕೇರಿಗೆಲ್ಲ ಹೇಳಿಬಂದಿದ್ದಳು. ತನ್ನ ಪಾಲಿನ ಒಣಮೀನನ್ನೂ ಸೊಸೆಯ ಬಟ್ಟಲಿಗೇ ಹಾಕುತ್ತಿದ್ದಳು.

ಇವತ್ತು ಬೆಳಿಗ್ಗೆ ಎದ್ದಾಗ ಗಂಗೆಗೆ ಸೀರೆಯಲ್ಲಿ ಕಲೆ ಕಂಡಿತು.

ಒಳಗೆ ಹೋದರೆ ಮೈಲಿಗೆ. ಹೊರಗೆ ಕೂತರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೇ ಅವಳು ಎಲ್ಲೂ ಕೂರಲಿಲ್ಲ.

"ಮುಂದ್ನ ವರ್ಷ ಹಂಚು ಹಾಕ್ಸೋ ಜಟ್ಟ. ಮಗ ಹುಟ್ಟಿ ಹುಲ್ಲು ಹೊರೂದು ಬ್ಯಾಡ," ಮೇಲಿನಿಂದ ಮಾಬ್ಲನ ದನಿ.

"ಮೊದ್ಲು ನೀ ಕಟ್ಟು ಹಿಡಿ ಮಾರಾಯ," ಎಂದು ಜಟ್ಟ ನಕ್ಕ. ಅವನು ಹಾಗೆ ನಕ್ಕದ್ದನ್ನು ಅವಳು ಕೇಳಿ ಎಷ್ಟು ಕಾಲವಾಗಿತ್ತೋ.

ಹೊಸ ಹುಲ್ಲಿನ ಮೊದಲ ಸಾಲು ಬಿತ್ತು. ಒಳಗೆಲ್ಲೋ ಗಳ ಕಿರುಗುಟ್ಟಿತು. ಒಣ ಹುಲ್ಲಿಗೇ ಹೀಗಾದರೆ, ಎರಡು ಪದರವೂ ಮಳೆನೀರು ಕುಡಿದಾಗ? ಆ ಗಳದ ಕೆಳಗೇ ಅತ್ತೆ ಒಲೆ ಊದುತ್ತಿದ್ದಳು. ನಾಳೆ ಹೇಳಿದರಾಯಿತೇ? ಅಷ್ಟರಲ್ಲಿ ಇದ್ದ ಹುಲ್ಲೆಲ್ಲ ಮೇಲೇರಿರುತ್ತದೆ.

"ಎಂತ ಮಾಡ್ತೀಯೆ ಅಲ್ಲಿ? ಗಂಜಿ ಉಕ್ತು!" ಸೋಮಿ ಸೌಟು ಹಿಡಿದೇ ಬಾಗಿಲಿಗೆ ಬಂದಳು.

ಗಂಗೆ ಅವಳ ಮುಖ ನೋಡಲಿಲ್ಲ. ಕೊಟ್ಟಿಗೆಯ ಪಕ್ಕ, ಹೊರಗಾದಾಗ ಕೂರುವ ಮೂಲೆಗೆ ಹೋಗಿ ಬರಿ ನೆಲದ ಮೇಲೆ ಕೂತಳು.

ಜಟ್ಟನ ಕೈಯ ಕಟ್ಟು ಕೈಯಲ್ಲೇ ಉಳಿಯಿತು. ಸೌಟಿನಿಂದ ಗಂಜಿ ಹನಿಯುತ್ತಿತ್ತು.

"ಯಾವಾಗ?" ಎಂದಳು ಸೋಮಿ.

"ಬೆಳಿಗ್ಗೆ."

ಸೋಮಿ ಒಳಗೆ ಹೋದಳು. ಆಮೇಲೆ ಬಟ್ಟಲು ಹಿಡಿದು ಬಂದು, ಸೊಸೆಯನ್ನು ಮುಟ್ಟದಷ್ಟು ದೂರದಲ್ಲಿ ಇಟ್ಟಳು. ತಲೆ ಎತ್ತಿ ಮಾಡಿನ ಕಡೆ ಗದರಿದಳು.

"ಎಂತ ನೋಡ್ತ್ರಿ? ಹಳೇದೆಲ್ಲ ಕಿತ್ತು ಹಾಕಿ. ಗಳ ಬದ್ಲ್ಸಿ."

ಕಪ್ಪುಗಟ್ಟಿದ ಹುಲ್ಲು ಅಂಗಳಕ್ಕೆ ಬೀಳತೊಡಗಿತು. ಗಂಗೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಂಜಿಯ ಮೇಲೆ ಇವತ್ತೂ ಅತ್ತೆಯ ಪಾಲಿನ ಮೀನು ಇತ್ತು.